ಹಸುಗೂಸಿಗೆ ಕೊಟ್ಟ ರಕ್ತದ ದಾಖಲೆ ಯಾರ ಬಳಿ ಇದೆ?

ಮಾನ್ಯ ಸಂಪಾದಕರೇ,

ಶಿಶುಗಳಿಗೆ ರಕ್ತ ಕೊಡುವ ವಿಷಯ ಪತ್ರಿಕೆಗಳ ಪುಟ ತಲುಪುವುದು ಬಹುಮಟ್ಟಿಗೆ ಅನಾಹುತ ಆದ ಮೇಲೆಯೇ. ರಕ್ತ ಪಡೆದ ಮಗುವಿಗೆ ಹೆಪಟೈಟಿಸ್ ತಗುಲಿದೆ ಎಂಬ ಸುದ್ದಿ ಬಂದ ಕೂಡಲೇ ರಕ್ತನಿಧಿಯಲ್ಲಿ ಪರೀಕ್ಷೆ ಸರಿಯಾಗಿ ನಡೆದಿತ್ತೇ, ತಪ್ಪು ಯಾರದು, ಪರಿಹಾರ ಎಷ್ಟು ಎಂಬ ಪ್ರಶ್ನೆಗಳು ಏಳುತ್ತವೆ, ಕೆಲವು ದಿನಗಳಲ್ಲಿ ತಣ್ಣಗಾಗುತ್ತವೆ. ಆ ಪ್ರಶ್ನೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ನವಜಾತ ಶಿಶುಗಳ ಆರೈಕೆಯಲ್ಲೇ ವೃತ್ತಿಜೀವನ ಕಳೆದ ನನಗೆ ಅದಕ್ಕಿಂತ ಹೆಚ್ಚು ಕಳವಳ ತರುವುದು ಎಂದೂ ಸುದ್ದಿಯಾಗದ ಮಕ್ಕಳ ಸಂಗತಿ. ಹುಟ್ಟಿದ ಮೊದಲ ವಾರಗಳಲ್ಲಿ ರಕ್ತ ಪಡೆದು, ಚೇತರಿಸಿಕೊಂಡು ಮನೆಗೆ ಹೋಗಿ, ನೋಡುವವರ ಕಣ್ಣಿಗೆ ಆರೋಗ್ಯವಾಗಿಯೇ ಬೆಳೆಯುತ್ತ, ಯಕೃತ್ತಿನಲ್ಲಿ ಮಾತ್ರ ಸೋಂಕನ್ನು ಹೊತ್ತಿರಬಹುದಾದ ಮಗುವನ್ನು ಹುಡುಕಿ ಗುರುತಿಸುವ ಏರ್ಪಾಡು ಬಹಳ ಕಡೆ ಇಲ್ಲ. ಹುಡುಕಬೇಕಾದರೆ ಆ ಮಗುವಿಗೆ ರಕ್ತ ಕೊಡಲಾಗಿತ್ತು ಎಂದು ಹೇಳುವ ಒಂದು ಸಾಲಾದರೂ ಮಗುವಿನ ಕಾಗದಪತ್ರಗಳಲ್ಲಿ ಇರಬೇಕು. ಅನೇಕ ವೇಳೆ ಅದೇ ಇರುವುದಿಲ್ಲ.

ದೊಡ್ಡವರಿಗೂ ಹಸುಳೆಗಳಿಗೂ ಇಲ್ಲಿರುವ ವ್ಯತ್ಯಾಸವನ್ನು ಮೊದಲು ಸ್ಪಷ್ಟಪಡಿಸಬೇಕು. ಹೆಪಟೈಟಿಸ್ ಬಿ ವೈರಸ್ ಆರೋಗ್ಯವಂತ ವಯಸ್ಕರ ದೇಹವನ್ನು ಹೊಕ್ಕರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ಕೆಲವು ತಿಂಗಳಲ್ಲಿ ಅದನ್ನು ತಾವಾಗಿಯೇ ಹೊರಹಾಕುತ್ತಾರೆ. ಅದೇ ವೈರಸ್ ಹುಟ್ಟಿನ ವೇಳೆಯಲ್ಲೋ ಮೊದಲ ವರ್ಷದೊಳಗೋ ತಗುಲಿದರೆ ಲೆಕ್ಕ ತಲೆಕೆಳಗಾಗುತ್ತದೆ: ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಸೋಂಕು ಶಾಶ್ವತವಾಗಿ ನೆಲೆಯೂರುತ್ತದೆ. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಈ ಪ್ರಮಾಣ ಕಡಿಮೆಯಾದರೂ ವಯಸ್ಕರಿಗಿಂತ ಎಷ್ಟೋ ಪಾಲು ಹೆಚ್ಚು. ಕಾರಣ ಇಷ್ಟೆ. ಈ ವೈರಸ್ ಯಕೃತ್ತಿನ ಜೀವಕೋಶಗಳನ್ನು ನೇರವಾಗಿ ಕೊಲ್ಲುವುದಿಲ್ಲ. ಅದನ್ನು ಪರಕೀಯವೆಂದು ಗುರುತಿಸಿ ಸೋಂಕಿತ ಕೋಶಗಳ ಮೇಲೆರಗುವ ದೇಹದ ರಕ್ಷಣಾ ಪಡೆಯ ಹೋರಾಟವೇ ನಮಗೆ ಕಾಮಾಲೆಯಾಗಿ ಕಾಣುವುದು. ಹಸುಳೆಯ ರಕ್ಷಣಾ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅದು ವೈರಸ್ಸನ್ನು ಸಹಿಸಿಕೊಂಡುಬಿಡುತ್ತದೆ. ಹೋರಾಟ ಇಲ್ಲವೆಂದ ಮೇಲೆ ಕಾಮಾಲೆಯೂ ಇಲ್ಲ, ಜ್ವರವೂ ಇಲ್ಲ, ವಾಂತಿಯೂ ಇಲ್ಲ. ಮಗು ಹಾಲು ಕುಡಿಯುತ್ತದೆ, ತೂಕ ಹೆಚ್ಚಿಸಿಕೊಳ್ಳುತ್ತದೆ. ಬಾಲ್ಯದಲ್ಲೇ ಹೀಗೆ ದೀರ್ಘಕಾಲದ ಸೋಂಕಿಗೆ ಒಳಗಾದವರಲ್ಲಿ ಚಿಕಿತ್ಸೆ ದೊರೆಯದಿದ್ದರೆ ಸುಮಾರು ಕಾಲು ಭಾಗದಷ್ಟು ಮಂದಿ ಮುಂದೆ ಯಕೃತ್ತು ಗಾಯಗಟ್ಟಿ ಗಡುಸಾಗುವ ಸಿರೋಸಿಸ್‌ನಿಂದಲೋ ಯಕೃತ್ತಿನ ಕ್ಯಾನ್ಸರ್‌ನಿಂದಲೋ ಅಕಾಲದಲ್ಲಿ ಸಾಯುತ್ತಾರೆ ಎಂಬುದು ವೈದ್ಯಶಾಸ್ತ್ರ ಒಪ್ಪಿರುವ ಅಂದಾಜು. ಆ ಹೊತ್ತಿಗೆ ಅವರಿಗೆ ಮೂವತ್ತೋ ನಲವತ್ತೋ ವರ್ಷ. ಹುಟ್ಟಿದಾಗ ರಕ್ತ ಪಡೆದಿದ್ದು ಅವರಿಗೆ ಗೊತ್ತಿರುವುದೂ ಅನುಮಾನ.

ಇದಕ್ಕೆ ವಿರುದ್ಧವಾದ ಚಿತ್ರವೂ ಅಪರೂಪಕ್ಕೆ ಕಾಣಸಿಗುತ್ತದೆ. ದಾನಿಯ ರಕ್ತದಲ್ಲಿರುವ ಹೆಪಟೈಟಿಸ್ ಬಿ ವೈರಸ್, 'ಇ ಪ್ರತಿಜನಕ' ಎಂಬ ತನ್ನ ಒಂದು ಪ್ರೋಟೀನನ್ನು ತಯಾರಿಸದ ರೂಪಾಂತರಿಯಾಗಿದ್ದರೆ, ಶಿಶುವಿನ ದೇಹ ಅದನ್ನು ಸಹಿಸಿಕೊಳ್ಳುವ ಬದಲು ಎರಡು-ಮೂರು ತಿಂಗಳ ನಂತರ ಒಮ್ಮೆಲೇ ಉಗ್ರವಾಗಿ ಪ್ರತಿಕ್ರಿಯಿಸಬಹುದು. ಕೆಲವೇ ದಿನಗಳಲ್ಲಿ ಯಕೃತ್ತು ಕುಸಿದು, ರಕ್ತ ಹೆಪ್ಪುಗಟ್ಟದೆ, ಮಗು ಮಂಪರಿಗೆ ಜಾರಬಹುದು. ಇಂಥ ಮಗುವನ್ನು ನೋಡುವ ವೈದ್ಯರು ಬೇರೆ ಆಸ್ಪತ್ರೆಯವರಾಗಿರುವ ಸಂಭವವೇ ಹೆಚ್ಚು. ಹಿಂದೆ ರಕ್ತ ಕೊಟ್ಟಿದ್ದರೇ ಎಂದು ಅವರು ಕೇಳಿದಾಗ ಗಾಬರಿಯಲ್ಲಿರುವ ತಾಯ್ತಂದೆಯರಿಂದ ಬರುವ ಉತ್ತರವೇ ಅವರಿಗಿರುವ ಏಕೈಕ ಆಧಾರ.

ರಕ್ತದ ಮೂಲಕ ಹೆಪಟೈಟಿಸ್ ಹರಡುವುದು ಹೊಸದಾಗಿ ಕಂಡ ಸಂಗತಿಯಲ್ಲ. ರಕ್ತ ಅಥವಾ ಪ್ಲಾಸ್ಮಾ ಪಡೆದ ಒಂದರಿಂದ ನಾಲ್ಕು ತಿಂಗಳ ಬಳಿಕ ಕಾಮಾಲೆ ಬಂದ ರೋಗಿಗಳ ಬಗ್ಗೆ ಅಮೆರಿಕದ ವೈದ್ಯ ಪಾಲ್ ಬೀಸನ್ 1943ರಲ್ಲೇ ಬರೆದಿದ್ದರು. ಬರೂಕ್ ಬ್ಲೂಮ್‌ಬರ್ಗ್ 1965ರಲ್ಲಿ ವರದಿ ಮಾಡಿದ 'ಆಸ್ಟ್ರೇಲಿಯಾ ಪ್ರತಿಜನಕ' ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚವೆಂದು ಮುಂದೆ ತಿಳಿದ ಮೇಲೆ, 1970ರ ದಶಕದ ಆರಂಭದಲ್ಲಿ ದಾನಿಗಳ ತಪಾಸಣೆ ಶುರುವಾಯಿತು. ಆದರೂ ರಕ್ತ ಪಡೆದವರಿಗೆ ಹೆಪಟೈಟಿಸ್ ಬರುವುದು ನಿಲ್ಲಲಿಲ್ಲ. ಎ ಅಲ್ಲದ, ಬಿ ಕೂಡ ಅಲ್ಲದ ಮತ್ತೊಂದು ಕಾರಣ ಇದೆಯೆಂದು ಹಾರ್ವಿ ಆಲ್ಟರ್ ಮತ್ತು ಸಂಗಡಿಗರು 1975ರಿಂದ ಹೇಳುತ್ತ ಬಂದರೂ ಆ ವೈರಸ್ಸಿಗೆ ಹೆಪಟೈಟಿಸ್ ಸಿ ಎಂಬ ಹೆಸರು ಬಂದದ್ದು 1989ರಲ್ಲಿ, ದಾನಿಗಳ ರಕ್ತದಲ್ಲಿ ಅದನ್ನು ಹುಡುಕುವ ಮೊದಲ ಪರೀಕ್ಷೆ ಬಂದದ್ದು 1990ರಲ್ಲಿ. ನೊಬೆಲ್ ಪ್ರಶಸ್ತಿ ಬ್ಲೂಮ್‌ಬರ್ಗ್ ಅವರಿಗೆ 1976ರಲ್ಲಿ, ಆಲ್ಟರ್, ಮೈಕೆಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ಬಂತು. ಈ ಚರಿತ್ರೆಯನ್ನು ನಾವು ಗೆಲುವಿನ ಕಥೆಯಾಗಿ ಹೇಳುವುದು ರೂಢಿ. ಆದರೆ ಪ್ರತಿಯೊಂದು ಪರೀಕ್ಷೆ ಬರುವ ಹಿಂದಿನ ದಿನದವರೆಗೂ ರಕ್ತ ಪಡೆದ ಮಕ್ಕಳು ಇದ್ದರು. ಪರೀಕ್ಷೆ ಬಂದ ಮೇಲೆ ಅವರನ್ನು ಹುಡುಕಿಕೊಂಡು ಹೋದವರು ಎಷ್ಟು ಮಂದಿ ಎಂಬುದೇ ನನ್ನ ಪ್ರಶ್ನೆ.

ಹಾಗೆ ಹುಡುಕಿದ ಕಡೆ ಸಿಕ್ಕ ಉತ್ತರ ಕಣ್ತೆರೆಸುವಂಥದ್ದು. ಹೆಪಟೈಟಿಸ್ ಸಿ ತಪಾಸಣೆ ಜಾರಿಗೆ ಬರುವ ಮುನ್ನ, ಎಂದರೆ 1991ಕ್ಕೂ ಹಿಂದೆ, ಬಾಲ್ಯದಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ 458 ಮಂದಿಯನ್ನು ಜರ್ಮನಿಯ ವೈದ್ಯರು ಮತ್ತೆ ಕರೆಸಿ ಪರೀಕ್ಷಿಸಿದರು. ಆ ಅಧ್ಯಯನ ಪ್ರಕಟವಾದದ್ದು 1999ರಲ್ಲಿ. 67 ಮಂದಿಯಲ್ಲಿ ಸೋಂಕಿನ ಕುರುಹಾದ ಪ್ರತಿಕಾಯಗಳಿದ್ದವು. ಮೊದಲ ಶಸ್ತ್ರಚಿಕಿತ್ಸೆಯಾಗಿ ಸರಾಸರಿ ಸುಮಾರು 20 ವರ್ಷ ಕಳೆದಿದ್ದರೂ 37 ಮಂದಿಯ ರಕ್ತದಲ್ಲಿ ವೈರಸ್ ಇನ್ನೂ ಇತ್ತು. ಉಳಿದವರು ಅದನ್ನು ತಾವಾಗಿಯೇ ಗೆದ್ದಿದ್ದರು. ಮಕ್ಕಳಲ್ಲಿ ಈ ರೋಗ ವಯಸ್ಕರಿಗಿಂತ ಸೌಮ್ಯವಾಗಿ ಸಾಗುತ್ತದೆ ಎಂಬ ಸಮಾಧಾನದ ಮಾತೂ ಆ ಅಧ್ಯಯನದಿಂದಲೇ ಬಂತು. ನನ್ನ ಗಮನ ಸೆಳೆದದ್ದು ಮಾತ್ರ ಮತ್ತೊಂದು ವಿವರ. ವೈರಸ್ ಹೊತ್ತಿದ್ದ ಆ 37 ಮಂದಿಯಲ್ಲಿ ಒಬ್ಬರನ್ನು ಬಿಟ್ಟರೆ ಮಿಕ್ಕವರೆಲ್ಲರ ಯಕೃತ್ತಿನ ಕಿಣ್ವಗಳ ಮಟ್ಟ ಸಹಜವಾಗಿಯೇ ಇತ್ತು. 'ಲಿವರ್ ಟೆಸ್ಟ್ ನಾರ್ಮಲ್ ಇದೆ, ಚಿಂತೆ ಬೇಡ' ಎಂದು ನಾವು ವೈದ್ಯರು ಎಷ್ಟು ಸಲೀಸಾಗಿ ಹೇಳಿ ಕಳುಹಿಸುತ್ತೇವೆ ಎಂಬುದನ್ನು ನೆನೆದರೆ ಇರಿಸುಮುರಿಸಾಗುತ್ತದೆ. ಬ್ರಿಟನ್ನಿನಲ್ಲಿ ಸರ್ ಬ್ರಯಾನ್ ಲ್ಯಾಂಗ್‌ಸ್ಟಾಫ್ ನೇತೃತ್ವದ ವಿಚಾರಣಾ ಆಯೋಗ 2024ರ ಮೇ ತಿಂಗಳಲ್ಲಿ ಸಲ್ಲಿಸಿದ ವರದಿಯ ಪ್ರಕಾರ ಸೋಂಕಿತ ರಕ್ತ ಮತ್ತು ರಕ್ತದ ಉತ್ಪನ್ನಗಳಿಂದ ಎಚ್‌ಐವಿ, ಹೆಪಟೈಟಿಸ್ ತಗುಲಿಸಿಕೊಂಡವರು 30,000ಕ್ಕೂ ಹೆಚ್ಚು. ಅವರಲ್ಲಿ ಮಕ್ಕಳೂ ಇದ್ದರು. ಸೋಂಕು ತಗುಲಿದ ಸಂಗತಿ ಎಷ್ಟೋ ಮಂದಿಗೆ ಗೊತ್ತಾದದ್ದು ದಶಕಗಳ ನಂತರ. 1996ಕ್ಕೆ ಮೊದಲು ರಕ್ತ ಪಡೆದಿದ್ದವರು ಎಂದು ತಿಳಿದುಬಂದರೆ ಅವರಿಗೆ ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸಿಕೊಳ್ಳುವ ಅವಕಾಶ ಕೊಡಬೇಕೆಂದು ಆ ಆಯೋಗ ಶಿಫಾರಸು ಮಾಡಬೇಕಾಯಿತು. ಅಷ್ಟು ವ್ಯವಸ್ಥಿತವಾದ ಆರೋಗ್ಯ ಸೇವೆ ಇರುವ ದೇಶದಲ್ಲೂ ರಕ್ತ ಪಡೆದಿರಾ ಎಂದು ಬಾಯಿಬಿಟ್ಟು ಕೇಳದೆ ತಿಳಿಯುವ ದಾರಿ ಇರಲಿಲ್ಲವೆಂದಾಯಿತು.

ಹುಡುಕಿ ಮಾಡುವುದಾದರೂ ಏನು ಎಂಬ ಮಾತಿಗೆ ಹಿಂದೆ ಸ್ವಲ್ಪ ತೂಕವಿತ್ತು. ಇಂಟರ್‌ಫೆರಾನ್ ಚುಚ್ಚುಮದ್ದು ತಿಂಗಳುಗಟ್ಟಲೆ ಕೊಡಬೇಕಿತ್ತು, ಮಕ್ಕಳು ಬಳಲುತ್ತಿದ್ದರು, ಫಲ ಅನಿಶ್ಚಿತವಾಗಿತ್ತು. ಈಗ ಹೆಪಟೈಟಿಸ್ ಸಿ ವೈರಸ್ಸಿನ ಮೇಲೆ ನೇರವಾಗಿ ಕೆಲಸ ಮಾಡುವ, ಬಾಯಿಯ ಮೂಲಕ ಕೊಡುವ ಔಷಧಿಗಳು 3 ವರ್ಷ ತುಂಬಿದ ಮಕ್ಕಳಿಗೂ ಅನುಮೋದನೆ ಪಡೆದಿವೆ. 8ರಿಂದ 12 ವಾರಗಳ ಚಿಕಿತ್ಸೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಹೆಪಟೈಟಿಸ್ ಬಿ ಸೋಂಕನ್ನು ಬೇರುಸಹಿತ ಕೀಳುವ ಔಷಧಿ ಇನ್ನೂ ಬಂದಿಲ್ಲವಾದರೂ ವೈರಸ್ಸನ್ನು ಹತೋಟಿಯಲ್ಲಿಡುವ ಔಷಧಿಗಳಿವೆ. ಅಗತ್ಯ ಕಂಡುಬಂದರೆ ಎರಡು ವರ್ಷ ದಾಟಿದ ಮಕ್ಕಳಿಗೆ ಎಂಟೆಕಾವಿರ್ ಕೊಡಬಹುದು, ಕ್ಯಾನ್ಸರ್‌ನ ಸುಳಿವಿಗಾಗಿ ಕಾಲಕಾಲಕ್ಕೆ ತಪಾಸಣೆ ನಡೆಸಬಹುದು, ಮನೆಯವರಿಗೆ ಲಸಿಕೆ ಹಾಕಿಸಬಹುದು. ಚಿಕಿತ್ಸೆ ಇಲ್ಲದ ಕಾಲದಲ್ಲಿ ಹುಡುಕದೆ ಬಿಟ್ಟದ್ದಕ್ಕೆ ಕ್ಷಮೆ ಇರಬಹುದು. ಈಗ ಹುಡುಕದೆ ಬಿಟ್ಟರೆ ಅದು ಶುದ್ಧ ಅಲಕ್ಷ್ಯ.

ಇಷ್ಟೆಲ್ಲ ತಪಾಸಣೆಗಳಿರುವಾಗ ಇವತ್ತು ರಕ್ತದಿಂದ ಸೋಂಕು ಬರುವುದೇ ಎಂದು ಓದುಗರು ಕೇಳಬಹುದು. ಸರಿಯಾಗಿ ಪರೀಕ್ಷಿಸಿದ ರಕ್ತದಿಂದ ಬರುವ ಸಂಭವ ಬಹಳ ಕಡಿಮೆ, ಸೊನ್ನೆಯಲ್ಲ. ದಾನಿಗೆ ಸೋಂಕು ತಗುಲಿದ ದಿನಕ್ಕೂ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುವ ದಿನಕ್ಕೂ ನಡುವೆ ಒಂದು ಕುರುಡು ಅವಧಿ ಇರುತ್ತದೆ. ಪ್ರತಿಕಾಯ ಮಾತ್ರ ಹುಡುಕುವ ಪರೀಕ್ಷೆಗೆ ಹೆಪಟೈಟಿಸ್ ಸಿ ಸುಮಾರು ಎರಡು ತಿಂಗಳ ಕಾಲ ಕಾಣದೆ ಉಳಿಯಬಹುದು; ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಆ ಅವಧಿಯನ್ನು ಕೆಲವೇ ದಿನಗಳಿಗೆ ಇಳಿಸುತ್ತದೆ. ಹೆಪಟೈಟಿಸ್ ಬಿ ವಿಷಯದಲ್ಲಿ ನ್ಯಾಟ್ ಮಾಡಿದರೂ ಕೆಲವು ವಾರಗಳ ಕತ್ತಲೆ ಉಳಿಯುತ್ತದೆ. ಇದರ ಜೊತೆಗೆ, ಹೊರಕವಚದ ಪ್ರತಿಜನಕ ರಕ್ತದಲ್ಲಿ ಕಾಣದಿದ್ದರೂ ಯಕೃತ್ತಿನಲ್ಲಿ ವೈರಸ್ ಅಡಗಿ ಕುಳಿತಿರುವ ದಾನಿಗಳೂ ಇದ್ದಾರೆ. ಆದ್ದರಿಂದ ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಕೊನೆಗೆ ನಾವು ನೆಚ್ಚಬೇಕಾದದ್ದು ದಾನಿ ತನ್ನ ಬಗ್ಗೆ ಹೇಳುವ ನಿಜವನ್ನು. ಸ್ವಯಂಪ್ರೇರಿತ ದಾನಿ ಇವತ್ತು ಬೇಡವೆಂದು ಹಿಂತಿರುಗಿ ಹೋಗಬಲ್ಲ. ಮಗುವಿಗೆ ರಕ್ತ ಬೇಕು, ಯಾರಾದರೂ ಕೊಟ್ಟೇ ಕೊಡಬೇಕು ಎಂಬ ಒತ್ತಡದಲ್ಲಿ ಬಂದು ನಿಂತ ಬಂಧುವಿಗೆ, ಎಲ್ಲರ ಎದುರು ತನ್ನ ಬದುಕಿನ ಗುಟ್ಟುಗಳನ್ನು ಹೇಳಿ ಹಿಂದೆ ಸರಿಯುವ ಸ್ವಾತಂತ್ರ್ಯ ಇರುವುದಿಲ್ಲ. ಹಣಕ್ಕಲ್ಲದೆ ಸ್ವಇಚ್ಛೆಯಿಂದ ಕೊಡುವ ದಾನವನ್ನೇ ಬೆಳೆಸಬೇಕೆಂದು ವಿಶ್ವ ಆರೋಗ್ಯ ಸಭೆ 1975ರಲ್ಲೇ ನಿರ್ಣಯ ಕೈಗೊಂಡಿದ್ದಕ್ಕೆ ಇದೂ ಒಂದು ಕಾರಣ. ಇನ್ನು, ಹತ್ತಿರದ ನೆಂಟರ ರಕ್ತವೇ ಹಸುಳೆಗೆ ಒಳ್ಳೆಯದು ಎಂಬ ನಂಬಿಕೆಯಂತೂ ತಪ್ಪು. ನೆಂಟರ ರಕ್ತದಲ್ಲಿರುವ ಬಿಳಿ ರಕ್ತಕಣಗಳನ್ನು ಮಗುವಿನ ದೇಹ ಪರಕೀಯವೆಂದು ಗುರುತಿಸದೆ ಬಿಟ್ಟುಕೊಂಡು, ಆ ಕಣಗಳೇ ಮಗುವಿನ ಚರ್ಮ, ಕರುಳು, ಯಕೃತ್ತು, ಮಜ್ಜೆಗಳ ಮೇಲೆ ದಾಳಿ ಮಾಡುವ ಮಾರಕ ತೊಡಕೊಂದಿದೆ. ವಿಕಿರಣಕ್ಕೆ ಒಡ್ಡದೆ ಅಂಥ ರಕ್ತವನ್ನು ಶಿಶುವಿಗೆ ಕೊಡಲೇಬಾರದು.

ಹೆಪಟೈಟಿಸ್ ಎಂದೊಡನೆ ಬಿ ಮತ್ತು ಸಿ ಎರಡನ್ನೇ ನೆನೆಯುವ ನಾವು ಸೈಟೊಮೆಗಲೊ ವೈರಸ್ಸನ್ನು ಮರೆಯುತ್ತೇವೆ. ದೊಡ್ಡವರಲ್ಲಿ ಬಹುಪಾಲು ಮಂದಿ ಇದನ್ನು ಯಾವ ತೊಂದರೆಯೂ ಇಲ್ಲದೆ ಹೊತ್ತುಕೊಂಡಿರುತ್ತಾರೆ. ಅದು ಅಡಗಿರುವುದು ಬಿಳಿ ರಕ್ತಕಣಗಳಲ್ಲಿ. ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಿಗೆ ಇದು ತಲುಪಿದರೆ ಯಕೃತ್ತು ಮತ್ತು ಗುಲ್ಮ ಊದಿಕೊಂಡು, ಮೈ ಬೂದಿ ಬಣ್ಣಕ್ಕೆ ತಿರುಗಿ, ಪ್ಲೇಟ್‌ಲೆಟ್ ಕುಸಿದು, ಉಸಿರಾಟ ಹದಗೆಡಬಹುದು. ತಾಯಿಗೆ ಈ ಸೋಂಕು ಇಲ್ಲದಿದ್ದ ಶಿಶುಗಳನ್ನು ಗಮನಿಸಿ 1981ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಸೋಂಕಿನ ಕುರುಹಿದ್ದ ದಾನಿಗಳ ರಕ್ತ ಪಡೆದ 74 ಶಿಶುಗಳ ಪೈಕಿ 10 ಶಿಶುಗಳಿಗೆ ವೈರಸ್ ತಗುಲಿತ್ತು. ಕುರುಹಿಲ್ಲದ ದಾನಿಗಳ ರಕ್ತ ಪಡೆದ 90 ಶಿಶುಗಳಲ್ಲಿ ಒಂದಕ್ಕೂ ತಗುಲಿರಲಿಲ್ಲ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ರಕ್ತವನ್ನು ಶೋಧಕದ ಮೂಲಕ ಹಾಯಿಸಿ ಬಿಳಿ ರಕ್ತಕಣಗಳನ್ನು ತೆಗೆದುಹಾಕಿದರೆ ಅಪಾಯ ಬಹುತೇಕ ಇಲ್ಲವಾಗುತ್ತದೆ. ಸಂಗ್ರಹಿಸಿದ ಕೂಡಲೇ, ರಕ್ತನಿಧಿಯಲ್ಲೇ ಇದನ್ನು ಮಾಡುವುದು ಮಂಚದ ಪಕ್ಕದಲ್ಲಿ ಅವಸರದಿಂದ ಮಾಡುವುದಕ್ಕಿಂತ ಮೇಲು.

ರಕ್ತ ಕೊಡಬೇಕೋ ಬೇಡವೋ ಎಂಬ ನಿರ್ಧಾರದ ಬಗ್ಗೆಯೂ ನನ್ನ ವೃತ್ತಿಬಾಂಧವರಿಗೆ ಒಂದೆರಡು ಮಾತು ಹೇಳಬೇಕಿದೆ. ಒಂದು ಕಿಲೋ ತೂಕದ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 85ರಿಂದ 90 ಮಿಲಿಲೀಟರ್. ಪರೀಕ್ಷೆಗೆಂದು ಒಂದು ಮಿಲಿಲೀಟರ್ ತೆಗೆದರೆ ಅದು ವಯಸ್ಕನಿಂದ 50 ಮಿಲಿಲೀಟರಿಗೂ ಹೆಚ್ಚು ತೆಗೆದಂತೆ. ತೀವ್ರ ನಿಗಾ ಘಟಕದಲ್ಲಿ ದಿನಕ್ಕೆ ನಾಲ್ಕಾರು ಬಾರಿ ಹೀಗೆ ತೆಗೆದು, ವಾರದ ಕೊನೆಗೆ ಹಿಮೋಗ್ಲೋಬಿನ್ ಇಳಿದಿದೆಯೆಂದು ರಕ್ತ ಏರಿಸುತ್ತೇವೆ. ಪುಟ್ಟ ಶಿಶುಗಳಿಗೆ ಕೊಡುವ ರಕ್ತದ ಒಂದು ಪಾಲು ನಾವೇ ತೆಗೆದ ರಕ್ತವನ್ನು ತುಂಬಿಕೊಡುವುದಕ್ಕೆ ಖರ್ಚಾಗುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಇವತ್ತಿನ ಪರೀಕ್ಷೆಯ ಫಲಿತಾಂಶದಿಂದ ಇವತ್ತಿನ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಕೇಳಿಕೊಂಡರೆ ಎಷ್ಟೋ ಮಾದರಿಗಳನ್ನು ತೆಗೆಯಬೇಕಾಗಿಯೇ ಇರುವುದಿಲ್ಲ. ಹೆರಿಗೆಯಾದೊಡನೆ ಹೊಕ್ಕುಳಬಳ್ಳಿಯನ್ನು ಕತ್ತರಿಸದೆ ಅರ್ಧ-ಒಂದು ನಿಮಿಷ ತಡೆದರೂ ಮುಂದೆ ರಕ್ತ ಬೇಕಾಗುವ ಸಂದರ್ಭಗಳು ಕಡಿಮೆಯಾಗುತ್ತವೆ. ಹಿಮೋಗ್ಲೋಬಿನ್ ಸ್ವಲ್ಪ ಕೆಳಗಿಳಿಯುವವರೆಗೆ ಕಾಯುವುದು ಅಪಾಯವೇ ಎಂಬ ಅನುಮಾನಕ್ಕೂ 2020ರಲ್ಲಿ ಉತ್ತರ ಸಿಕ್ಕಿದೆ: ಒಂದು ಕಿಲೋಗಿಂತ ಕಡಿಮೆ ತೂಕದ ಶಿಶುಗಳ ಮೇಲೆ ನಡೆದ ಎರಡು ದೊಡ್ಡ ಪ್ರಯೋಗಗಳಲ್ಲಿ, ಒಂದರಲ್ಲಿ 1,824 ಮತ್ತು ಇನ್ನೊಂದರಲ್ಲಿ 1,013 ಶಿಶುಗಳಿದ್ದವು, ಕಾದು ಕೊಟ್ಟವರಿಗೂ ಬೇಗ ಕೊಟ್ಟವರಿಗೂ ಬದುಕುಳಿಯುವಿಕೆಯಲ್ಲಾಗಲಿ ಮಿದುಳಿನ ಬೆಳವಣಿಗೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಪ್ಲೇಟ್‌ಲೆಟ್ ವಿಷಯದಲ್ಲಿ 2019ರ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 50,000ಕ್ಕೆ ಇಳಿದಾಗಲೇ ಕೊಟ್ಟ ಗುಂಪಿನಲ್ಲಿ ಸಾವು ಅಥವಾ ದೊಡ್ಡ ರಕ್ತಸ್ರಾವ 26 ಪ್ರತಿಶತ, 25,000ಕ್ಕೆ ಇಳಿಯುವವರೆಗೆ ಕಾದ ಗುಂಪಿನಲ್ಲಿ 19 ಪ್ರತಿಶತ. ಇರಲಿ ಎಂದು ಕೊಡುವುದರಿಂದ ಒಳಿತಿಲ್ಲವೆಂಬುದಷ್ಟೇ ಅಲ್ಲ, ಕೆಡುಕೂ ಇದೆ.

ಕೊಡಲೇಬೇಕಾದಾಗ ಎಷ್ಟು ದಾನಿಗಳ ರಕ್ತ ಎಂಬುದು ಮುಖ್ಯವಾಗುತ್ತದೆ. ಶಿಶುವಿಗೆ ಒಮ್ಮೆಗೆ ಬೇಕಾಗುವುದು ಕಿಲೋ ತೂಕಕ್ಕೆ 10ರಿಂದ 20 ಮಿಲಿಲೀಟರ್. ಪ್ರತಿ ಸಲವೂ ಹೊಸ ಚೀಲ ಒಡೆದು ಚೂರು ಬಳಸಿ ಉಳಿದದ್ದನ್ನು ಚೆಲ್ಲಿದರೆ ಐದು ಸಲಕ್ಕೆ ಐದು ದಾನಿಗಳ ಅಪಾಯ ಮಗುವಿನ ಪಾಲಾಗುತ್ತದೆ. ಒಬ್ಬನೇ ದಾನಿಯ ರಕ್ತವನ್ನು ಒಂದಕ್ಕೊಂದು ಜೋಡಿಸಿದ ಪುಟ್ಟ ಚೀಲಗಳಿಗೆ ಹಂಚಿ, ಒಂದೇ ಮಗುವಿಗೆಂದು ಮೀಸಲಿಟ್ಟು, ಅದರ ಬಾಳಿಕೆಯ ದಿನ ಮುಗಿಯುವವರೆಗೆ ಬಳಸುವ ಪದ್ಧತಿ ಹಲವು ಕಡೆ ದಶಕಗಳಿಂದ ಇದೆ. ಇದಕ್ಕೆ ಬೇಕಾದದ್ದು ರಕ್ತನಿಧಿಗೂ ಶಿಶು ವಿಭಾಗಕ್ಕೂ ನಡುವೆ ಮಾತುಕತೆ, ಅಷ್ಟೆ.

ವೈರಸ್ಸಿನ ಸಂಬಂಧವೇ ಇಲ್ಲದೆ ರಕ್ತದಿಂದ ಯಕೃತ್ತು ಕೆಡುವ ಇನ್ನೊಂದು ದಾರಿಯನ್ನೂ ಇಲ್ಲಿ ಹೇಳಬೇಕು. ಥಲಸ್ಸೀಮಿಯಾ ಮೇಜರ್ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಆರು ತಿಂಗಳು ದಾಟುತ್ತಿದ್ದಂತೆ ರಕ್ತಹೀನತೆ ಕಾಣಿಸಿಕೊಂಡು, ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡುವುದು ಶುರುವಾಗುತ್ತದೆ. ಒಂದು ಮಿಲಿಲೀಟರ್ ಕೆಂಪು ರಕ್ತಕಣಗಳ ಜೊತೆ ಸುಮಾರು ಒಂದು ಮಿಲಿಗ್ರಾಂ ಕಬ್ಬಿಣ ಒಳಗೆ ಹೋಗುತ್ತದೆ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ನಮ್ಮ ದೇಹದಲ್ಲಿಲ್ಲ. ಅದು ಮೊದಲು ಸಂಗ್ರಹವಾಗುವುದು ಯಕೃತ್ತಿನಲ್ಲಿ. ಹತ್ತರಿಂದ ಇಪ್ಪತ್ತು ಬಾರಿ ರಕ್ತ ಪಡೆದ ಮೇಲೆ, ಇಲ್ಲವೇ ಕಬ್ಬಿಣದ ಸಂಗ್ರಹವನ್ನು ಸೂಚಿಸುವ ಫೆರಿಟಿನ್ ಮಟ್ಟ ರಕ್ತದಲ್ಲಿ 1,000 ದಾಟಿದ ಮೇಲೆ ಕಬ್ಬಿಣ ಇಳಿಸುವ ಔಷಧಿ ಆರಂಭಿಸಬೇಕೆಂದು ಮಾರ್ಗಸೂಚಿಗಳು ಹೇಳುತ್ತವೆ. ಎಷ್ಟನೆಯ ಬಾರಿ ಎಂಬ ಲೆಕ್ಕವೇ ಯಾರ ಬಳಿಯೂ ಇಲ್ಲದಿದ್ದರೆ ಆರಂಭಿಸುವವರು ಯಾರು? ಕಬ್ಬಿಣ ತುಂಬಿದ ಯಕೃತ್ತಿಗೆ ಹೆಪಟೈಟಿಸ್ ಸಿ ಕೂಡ ಸೇರಿದರೆ ಗಾಯ ಗಟ್ಟಿಯಾಗುವ ವೇಗ ಮತ್ತಷ್ಟು ಹೆಚ್ಚುತ್ತದೆ.

ಇಷ್ಟನ್ನು ಓದಿದ ತಾಯ್ತಂದೆಯರು, ರಕ್ತ ಪಡೆದ ಮಗುವಿಗೆ ಕಾಮಾಲೆ ಬಂದರೆ ಅದು ರಕ್ತದಿಂದಲೇ ಬಂದದ್ದೆಂದು ತೀರ್ಮಾನಿಸಬಾರದು. ಆ ತೀರ್ಮಾನವೂ ಮಗುವಿಗೆ ಅಪಾಯಕಾರಿ. ರಕ್ತದಿಂದ ಬರುವ ಹೆಪಟೈಟಿಸ್ ತೋರಿಕೊಳ್ಳಲು ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಬೇಕು. ಮೊದಲ ವಾರಗಳ ಕಾಮಾಲೆಗೆ ನಂಜು, ರಕ್ತನಾಳದ ಮೂಲಕ ದೀರ್ಘಕಾಲ ಕೊಟ್ಟ ಪೋಷಕಾಂಶ, ಹುಟ್ಟಿನಿಂದ ಬಂದ ಚಯಾಪಚಯ ದೋಷ, ಪಿತ್ತನಾಳ ಮುಚ್ಚಿಹೋಗಿರುವುದು ಹೀಗೆ ಬೇರೆ ಕಾರಣಗಳೇ ಹೆಚ್ಚು. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ 14 ದಿನ, ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ 21 ದಿನ ಕಳೆದರೂ ಹಳದಿ ಹೋಗದಿದ್ದರೆ, ಅದರಲ್ಲೂ ಮಲ ಸುಣ್ಣದಂತೆ ಬಿಳಿಚಿಕೊಂಡು ಮೂತ್ರ ಬಟ್ಟೆಗೆ ಕಲೆಕಟ್ಟುವಷ್ಟು ಗಾಢವಾಗಿದ್ದರೆ, ಆ ದಿನವೇ ತಜ್ಞರಿಗೆ ತೋರಿಸಬೇಕು. ಪಿತ್ತನಾಳ ಮುಚ್ಚಿದ ಶಿಶುವಿಗೆ, ಪಿತ್ತ ಕರುಳಿಗೆ ಹರಿಯಲು ದಾರಿ ಮಾಡುವ ಕಸಾಯ್ ಶಸ್ತ್ರಚಿಕಿತ್ಸೆ ಎರಡು ತಿಂಗಳೊಳಗೆ ಆದರೆ ಫಲ ಉತ್ತಮ. ರಕ್ತವನ್ನು ಶಂಕಿಸುತ್ತ ಕುಳಿತರೆ ಆ ಅವಧಿ ಕೈಜಾರುತ್ತದೆ. ಇಲ್ಲಿಯೂ ದಾಖಲೆ ನೆರವಾಗುವ ಒಂದು ಸಂಗತಿ ಇದೆ. ಗ್ಯಾಲಕ್ಟೊಸೀಮಿಯಾ ಎಂಬ, ಯಕೃತ್ತನ್ನು ಹಾಳುಗೆಡವುವ ಚಯಾಪಚಯ ದೋಷವನ್ನು ಪತ್ತೆಹಚ್ಚುವುದು ಕೆಂಪು ರಕ್ತಕಣಗಳಲ್ಲಿರುವ ಕಿಣ್ವದ ಮಟ್ಟ ನೋಡಿ. ಇತ್ತೀಚೆಗೆ ರಕ್ತ ಪಡೆದ ಮಗುವಿನಲ್ಲಿ ದಾನಿಯ ಕಣಗಳ ಕಿಣ್ವವೇ ಕಂಡು, ರೋಗವಿಲ್ಲವೆಂಬ ತಪ್ಪು ಉತ್ತರ ಬರಬಹುದು. ರಕ್ತ ಕೊಟ್ಟ ದಿನಾಂಕ ಗೊತ್ತಿಲ್ಲದ ವೈದ್ಯ ಆ ಉತ್ತರವನ್ನೇ ನಂಬುತ್ತಾನೆ.

ರಕ್ತ ಪಡೆದ ಶಿಶುವನ್ನು ಯಾವಾಗ, ಹೇಗೆ ಪರೀಕ್ಷಿಸಬೇಕು ಎಂಬುದೂ ಅಷ್ಟು ಸರಳವಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನಲ್ಲಿ ಒಂದೂವರೆ ವರ್ಷದವರೆಗೂ ಉಳಿಯಬಹುದಾದ್ದರಿಂದ ಅಷ್ಟರೊಳಗೆ ಹೆಪಟೈಟಿಸ್ ಸಿ ಪ್ರತಿಕಾಯ ಕಂಡರೆ ಅದು ಮಗುವಿನದೇ ಎನ್ನಲಾಗದು. ಎಳೆಯ ದೇಹ ಪ್ರತಿಕಾಯ ತಯಾರಿಸಲು ತಡಮಾಡುವುದರಿಂದ ಅದು ಕಾಣದಿದ್ದರೂ ಸೋಂಕಿಲ್ಲವೆನ್ನಲಾಗದು. ಈ ವಯಸ್ಸಿನಲ್ಲಿ ಭರವಸೆ ಇಡಬಹುದಾದದ್ದು ವೈರಸ್ಸನ್ನೇ ಹುಡುಕುವ ಪರೀಕ್ಷೆ. ಹೆಪಟೈಟಿಸ್ ಬಿ ಲಸಿಕೆ ಹಾಕಿದ ಮುಂದಿನ ಎರಡು-ಮೂರು ವಾರಗಳಲ್ಲಿ ಲಸಿಕೆಯಲ್ಲಿರುವ ಪ್ರತಿಜನಕವೇ ರಕ್ತದಲ್ಲಿ ಕಂಡು ಗಾಬರಿ ಹುಟ್ಟಿಸುವುದೂ ಉಂಟು. ನನ್ನ ಅಭಿಪ್ರಾಯದಲ್ಲಿ, ದಾನಿಗಳಿಗೆ ನ್ಯಾಟ್ ಪರೀಕ್ಷೆ ನಡೆಸದ ಕಡೆಗಳಲ್ಲಿ ರಕ್ತ ಪಡೆದ ಪ್ರತಿಯೊಂದು ಶಿಶುವನ್ನೂ, ನಡೆಸುವ ಕಡೆಗಳಲ್ಲಿ ಹಲವು ದಾನಿಗಳ ರಕ್ತ ಪಡೆದ ಶಿಶುಗಳನ್ನಾದರೂ, ಕೊನೆಯ ಬಾರಿ ರಕ್ತ ಕೊಟ್ಟ ಆರು ತಿಂಗಳ ಬಳಿಕ ಒಮ್ಮೆ, ಒಂದೂವರೆ ವರ್ಷ ದಾಟಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು.

ಲಸಿಕೆಯ ವಿಷಯದಲ್ಲಿ ಗಮನ ತಪ್ಪುವ ಒಂದು ಬಿರುಕಿದೆ. ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 1984ರಲ್ಲೇ ನವಜಾತ ಶಿಶುಗಳಿಗೆ ಈ ಲಸಿಕೆ ಆರಂಭಿಸಿದ ತೈವಾನಿನಲ್ಲಿ, 6ರಿಂದ 14 ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಹತ್ತು ವರ್ಷಗಳಲ್ಲಿ ಅರ್ಧದಷ್ಟಾಯಿತು. ಆದರೆ ಎರಡು ಕಿಲೋಗಿಂತ ಕಡಿಮೆ ತೂಕದ ಶಿಶುವಿನ ತಾಯಿಗೆ ಸೋಂಕಿಲ್ಲವೆಂದು ಖಚಿತವಾಗಿದ್ದರೆ ಮೊದಲ ಡೋಸನ್ನು ಒಂದು ತಿಂಗಳವರೆಗೆ ಮುಂದೂಡಬಹುದೆಂದು ಕೆಲವು ಮಾರ್ಗಸೂಚಿಗಳು ಹೇಳುತ್ತವೆ. ಅತಿ ಹೆಚ್ಚು ರಕ್ತ ಪಡೆಯುವವು ಈ ಪುಟ್ಟ ಶಿಶುಗಳೇ, ಪಡೆಯುವುದೂ ಆ ಮೊದಲ ತಿಂಗಳಲ್ಲೇ. ತಾಯಿಯಿಂದ ಬರುವ ಅಪಾಯವನ್ನಷ್ಟೇ ಲೆಕ್ಕಹಾಕಿ ದಾನಿಯಿಂದ ಬರಬಹುದಾದ ಅಪಾಯವನ್ನು ಬಿಟ್ಟಿರುವ ಈ ಮುಂದೂಡಿಕೆ ನನಗೆ ಸರಿಕಾಣದು. ರಕ್ತ ಕೊಡುವ ಸಂಭವವಿರುವ ಶಿಶುವಿಗೆ ಹುಟ್ಟಿದ ದಿನವೇ ಲಸಿಕೆ ಹಾಕಿ, ತೂಕ ಕಡಿಮೆಯಿದ್ದರೆ ಆ ಡೋಸನ್ನು ಲೆಕ್ಕಕ್ಕೆ ಹಿಡಿಯದೆ ಮುಂದಿನ ಡೋಸುಗಳನ್ನು ಪೂರ್ತಿಯಾಗಿ ಕೊಡುವುದೇ ಲೇಸು.

ರಕ್ತ ಕೊಟ್ಟದ್ದನ್ನು ಬರೆದುಕೊಟ್ಟರೆ ತಾಯ್ತಂದೆಯರು ವೃಥಾ ಹೆದರುತ್ತಾರೆ ಎಂಬ ಆಕ್ಷೇಪವನ್ನು ನಾನು ಹಲವು ಬಾರಿ ಕೇಳಿದ್ದೇನೆ. ಮುಚ್ಚಿಟ್ಟು ಹೆದರಿಕೆ ತಪ್ಪಿಸುವುದು ವೈದ್ಯರ ಕೆಲಸವಲ್ಲ. ಎರಡು ನಿಮಿಷ ಕುಳಿತು ವಿವರಿಸಿದರೆ ಹೆದರಿಕೆ ಇಳಿಯುತ್ತದೆ. ದಡಾರದ ಲಸಿಕೆಯನ್ನು ಕೂಡ ರಕ್ತ ಪಡೆದ ಕೆಲವು ತಿಂಗಳು ತಡೆದು ಹಾಕಬೇಕಾಗುವುದರಿಂದ ಆ ಮಾಹಿತಿ ಲಸಿಕೆ ಹಾಕುವವರಿಗೂ ಬೇಕು. ಆದುದರಿಂದ ಮಗುವಿನ ಲಸಿಕೆ ಕಾರ್ಡ್‌ನಲ್ಲೇ ರಕ್ತಕ್ಕೆಂದು ಒಂದು ಚೌಕ ಇರಲಿ. ಕೊಟ್ಟ ದಿನಾಂಕ, ಕೊಟ್ಟದ್ದು ಕೆಂಪು ರಕ್ತಕಣವೋ ಪ್ಲಾಸ್ಮಾವೋ ಪ್ಲೇಟ್‌ಲೆಟ್ಟೋ ಎಂಬುದು, ಚೀಲದ ಸಂಖ್ಯೆ, ರಕ್ತನಿಧಿಯ ಹೆಸರು, ಮುಂದಿನ ಪರೀಕ್ಷೆ ಯಾವ ತಿಂಗಳಲ್ಲಿ ಎಂಬುದು ಅದರಲ್ಲಿರಲಿ. ದಾನಿಗೆ ಸೋಂಕಿತ್ತೆಂದು ನಂತರ ತಿಳಿದರೆ ಚೀಲದ ಸಂಖ್ಯೆಯಿಂದ ಮಗುವನ್ನು, ಮಗುವಿಗೆ ಸೋಂಕು ಕಂಡರೆ ಅದೇ ಸಂಖ್ಯೆಯಿಂದ ದಾನಿಯನ್ನೂ ಅವನ ರಕ್ತ ಪಡೆದ ಇತರರನ್ನೂ ತಲುಪಲು ಆಗಬೇಕು. ಯುರೋಪಿಯನ್ ಒಕ್ಕೂಟ 2002ರ ನಿರ್ದೇಶನದಲ್ಲಿ ಈ ಜಾಡಿನ ದಾಖಲೆಗಳನ್ನು ಕನಿಷ್ಠ 30 ವರ್ಷ ಕಾಪಾಡಬೇಕೆಂದು ವಿಧಿಸಿದೆ. ಹುಟ್ಟಿದ ವಾರದಲ್ಲಿ ತಗುಲಿದ ಸೋಂಕು ಸಿರೋಸಿಸ್ ಆಗಿ ಹೊರಬೀಳಲು ತೆಗೆದುಕೊಳ್ಳುವ ಕಾಲವನ್ನು ನೋಡಿದರೆ ಅದಕ್ಕಿಂತ ಕಡಿಮೆ ಅವಧಿ ಸಾಲದು. ಎಲ್ಲ ರಕ್ತನಿಧಿಗಳಿಗೂ ಆಸ್ಪತ್ರೆಗಳಿಗೂ ಇದು ನಿಯಮವಾಗಬೇಕು. ನಿಯಮ ಬರುವವರೆಗೆ, ಮಗುವನ್ನು ಮನೆಗೆ ಕಳುಹಿಸುವ ದಿನ ಈ ವಿವರಗಳನ್ನು ಬಿಡುಗಡೆ ಪತ್ರದಲ್ಲಿ ಬರೆಸಿಕೊಳ್ಳದೆ ಹೊರಡಬೇಡಿ ಎಂದು ತಾಯ್ತಂದೆಯರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮಕ್ಕಳ ವೈದ್ಯ